ಎಂಬ್ರಾಯ್ಡರಿ, ಹೊಲಿಗೆ, ಕ್ರೋಶಾ ಡಿಸೈನ್‌ಗಳನ್ನು ಕ್ಲೌಡ್‌ನಲ್ಲಿ ಜೋಪಾನ ಮಾಡುವುದು ಹೇಗೆ?

ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ. ‘ಸಿಡಿಲಿಗೆ ಕಂಪ್ಯೂಟರ್ ಹೋಯ್ತು, ಡಿಸೈನ್ ಎಲ್ಲಾ ಅದರಲ್ಲೇ ಇತ್ತು, ಏನಾದರೂ ಮಾಡಬಹುದಾ?’ ಕೇಳುವವರು ಮಂಗಳೂರು, ಉಡುಪಿ, ಕುಂದಾಪುರ ಕಡೆ ಮನೆಯಲ್ಲೇ ಬ್ಲೌಸ್ ಎಂಬ್ರಾಯ್ಡರಿ ಮಾಡುವವರು, ಕ್ರೋಶಾ ಹಾಕುವವರು, ಸೀರೆಗೆ ಕುಚ್ಚು ಕಟ್ಟುವವರು, ಟೇಲರಿಂಗ್ ಕಲಿಸುವವರು. ಹಾರ್ಡ್ ಡಿಸ್ಕ್ ಸುಟ್ಟ ಮೇಲೆ ಮಾಡುವುದಕ್ಕೆ ಹೆಚ್ಚೇನೂ ಉಳಿಯುವುದಿಲ್ಲ. ಡೇಟಾ ರಿಕವರಿ ಮಾಡುವವರು ಕೆಲವು ಸಲ ಫೈಲ್ ತೆಗೆದು ಕೊಡುತ್ತಾರೆ. ಆದರೆ ಅದು ದುಬಾರಿ, ಗ್ಯಾರಂಟಿಯೂ ಇಲ್ಲ. ಹಾಗಾಗಿ ಮೊದಲೇ ಏನು ಮಾಡಿಡಬೇಕು ಅನ್ನುವುದನ್ನು ಇಲ್ಲಿ ಬರೆದಿದ್ದೇನೆ.

ನಮ್ಮ ಊರಿಗೆ ಇದು ಜಾಸ್ತಿ ಅನ್ವಯಿಸುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಒಂದು ಸುತ್ತು ಸಿಡಿಲು, ಮಳೆಗಾಲ ಮುಗಿಯುವಾಗ ಅಕ್ಟೋಬರ್‌ನಲ್ಲಿ ಇನ್ನೊಂದು ಸುತ್ತು. ನಡುವೆ ನಾಲ್ಕು ತಿಂಗಳು ಬಿಡದ ಮಳೆ, ಗೋಡೆಯಲ್ಲೇ ತೇವ. ಕರೆಂಟ್ ಹೋಗಿ ಬರುವುದಂತೂ ಲೆಕ್ಕವೇ ಇಲ್ಲ. ಯುಪಿಎಸ್ ಇದ್ದರೆ ಕರೆಂಟ್ ಹೋದಾಗ ಕಂಪ್ಯೂಟರ್ ಆಫ್ ಮಾಡಲು ಸಮಯ ಸಿಗುತ್ತದೆ ಅಷ್ಟೇ. ಹತ್ತಿರದಲ್ಲಿ ಸಿಡಿಲು ಬಿದ್ದರೆ ಅದನ್ನು ನಂಬಿ ಕೂರುವ ಹಾಗಿಲ್ಲ.

ಬ್ಯಾಕಪ್ ಅಂದರೆ ಏನು ಅನ್ನುವುದನ್ನು ಮೊದಲು ಸ್ಪಷ್ಟ ಮಾಡಿಕೊಳ್ಳೋಣ. ಮೂಲ ಫೈಲ್ ಪೂರ್ತಿ ಹೋದರೂ ಇನ್ನೊಂದು ಕಡೆ ಉಳಿದಿರುವ, ಮತ್ತೆ ತೆರೆದು ಕೆಲಸಕ್ಕೆ ಬಳಸಬಹುದಾದ ಪ್ರತಿಯೇ ಬ್ಯಾಕಪ್. ಕ್ಲೌಡ್ ಅಂದರೆ ಇಂಟರ್ನೆಟ್ ಮೂಲಕ ಬೇರೆ ಕಡೆಯ ದೊಡ್ಡ ಕಂಪ್ಯೂಟರ್‌ಗಳಲ್ಲಿ ನಿಮಗೆ ಸಿಗುವ ಜಾಗ. ಗೂಗಲ್ ಡ್ರೈವ್, ಒನ್‌ಡ್ರೈವ್, ಡ್ರಾಪ್‌ಬಾಕ್ಸ್ ಎಲ್ಲಾ ಇದೇ ಜಾತಿಯವು.

ಬೇಕಾಗುವ ಸಾಮಾನು

ಒಂದು ಕಂಪ್ಯೂಟರ್ ಅಥವಾ ಒಳ್ಳೆಯ ಫೋನ್. ನಿಮ್ಮದೇ ಹೆಸರಿನ ಒಂದು ಇಮೇಲ್ ಅಕೌಂಟ್. ಒಂದು ಹೊರಗಿನ ಹಾರ್ಡ್ ಡಿಸ್ಕ್, ಅಂದರೆ ವಯರ್‌ನಲ್ಲಿ ಚುಚ್ಚಿ ಬಳಸುವಂಥದ್ದು. ಇಂಟರ್ನೆಟ್‌ಗೆ ಫೋನಿನ ಹಾಟ್‌ಸ್ಪಾಟ್ ಆದರೂ ನಡೆಯುತ್ತದೆ.

‘ನನ್ನ ಹತ್ತಿರ ಸಾವಿರಾರು ಡಿಸೈನ್ ಇದೆ, ಉಚಿತ ಜಾಗ ಸಾಕಾಗುತ್ತದಾ?’ ಅಂತ ತುಂಬ ಜನ ಹೆದರುತ್ತಾರೆ. ಒಂದು ಲೆಕ್ಕ ನೋಡಿ. ಎಂಬ್ರಾಯ್ಡರಿ ಮೆಷಿನ್‌ಗೆ ಹಾಕುವ ಡಿಎಸ್‌ಟಿ ಫೈಲ್‌ನಲ್ಲಿ ಒಂದು ಸ್ಟಿಚ್‌ಗೆ ಹಿಡಿಯುವುದು ಬರೀ 3 ಬೈಟ್. 20,000 ಸ್ಟಿಚ್‌ನ ಬ್ಲೌಸ್ ಡಿಸೈನ್ ಅಂದರೆ ಸುಮಾರು 60 ಕೆಬಿ. ಗೂಗಲ್‌ನಲ್ಲಿ ಉಚಿತವಾಗಿ ಸಿಗುವ 15 ಜಿಬಿಯಲ್ಲಿ ಇಂಥ ಫೈಲ್ ಎರಡು ಲಕ್ಷಕ್ಕೂ ಜಾಸ್ತಿ ಹಿಡಿಸುತ್ತದೆ. ಜಾಗ ತಿನ್ನುವುದು ಫೋಟೋ ಮತ್ತು ವಿಡಿಯೋ. ಆ 15 ಜಿಬಿಯಲ್ಲೇ ಜಿಮೇಲ್, ಗೂಗಲ್ ಫೋಟೋಸ್ ಎಲ್ಲಾ ಸೇರುತ್ತವೆ ಅನ್ನುವುದನ್ನು ಮರೆಯಬೇಡಿ. ಜಾಗ ಪೂರ್ತಿ ತುಂಬಿದರೆ ಮೇಲ್ ಬರುವುದೂ ನಿಲ್ಲುತ್ತದೆ. ಒನ್‌ಡ್ರೈವ್‌ನಲ್ಲಿ ಉಚಿತ ಜಾಗ 5 ಜಿಬಿ, ಡ್ರಾಪ್‌ಬಾಕ್ಸ್‌ನಲ್ಲಿ 2 ಜಿಬಿ. ಡಿಸೈನ್ ಫೈಲ್‌ಗಳಿಗೆ ಅಷ್ಟೂ ಸಾಕು. ನಮ್ಮಲ್ಲಿ ಹೆಚ್ಚಿನವರ ಫೋನಿನಲ್ಲಿ ಗೂಗಲ್ ಅಕೌಂಟ್ ಇದ್ದೇ ಇರುವುದರಿಂದ ಮುಂದಿನ ಹಂತಗಳನ್ನು ಗೂಗಲ್ ಡ್ರೈವ್ ಇಟ್ಟುಕೊಂಡೇ ಹೇಳುತ್ತೇನೆ.

ಹಂತ 1: ಚದುರಿದ್ದನ್ನು ಒಂದು ಕಡೆ ತನ್ನಿ

ಕಂಪ್ಯೂಟರಿನಲ್ಲಿ ‘ಡಿಸೈನ್’ ಅಂತ ಒಂದೇ ಒಂದು ದೊಡ್ಡ ಫೋಲ್ಡರ್ ಮಾಡಿ. ಡೆಸ್ಕ್‌ಟಾಪ್, ಡೌನ್‌ಲೋಡ್ಸ್, ಹಳೆಯ ಪೆನ್‌ಡ್ರೈವ್, ಮೇಲ್, ವಾಟ್ಸಾಪ್ ಹೀಗೆ ಎಲ್ಲೆಲ್ಲಿ ಫೈಲ್ ಇದೆಯೋ ಎಲ್ಲವನ್ನೂ ಅಲ್ಲಿಗೆ ಕಾಪಿ ಮಾಡಿ. ಕಟ್ ಮಾಡಬೇಡಿ. ಎಲ್ಲಾ ಸರಿ ಬಂದಿದೆ ಅಂತ ಗೊತ್ತಾದ ಮೇಲೆ ಹಳೆಯದನ್ನು ಅಳಿಸಿದರಾಯಿತು.

ವಾಟ್ಸಾಪ್ ಬಗ್ಗೆ ಸ್ವಲ್ಪ ಎಚ್ಚರ ಬೇಕು. ‘ಗ್ರೂಪಿನಲ್ಲಿ ಹಾಕಿಟ್ಟಿದ್ದೇನೆ, ಬೇಕಾದಾಗ ತೆಗೆಯುತ್ತೇನೆ’ ಅನ್ನುವವರು ಬಹಳ. ಫೋನಿನಿಂದ ಅಳಿಸಿಹೋದ ಹಳೆಯ ಫೈಲ್ ಅಲ್ಲಿ ಮತ್ತೆ ಡೌನ್‌ಲೋಡ್ ಆಗದೇ ಹೋಗಬಹುದು. ಅದೂ ಅಲ್ಲದೆ, ಕ್ರೋಶಾ ಚಾರ್ಟನ್ನು ಫೋಟೋ ಆಗಿ ಕಳಿಸಿದರೆ ವಾಟ್ಸಾಪ್ ಅದನ್ನು ಕುಗ್ಗಿಸುತ್ತದೆ, ಸಣ್ಣ ಚಿಹ್ನೆಗಳು ಓದಲಿಕ್ಕೆ ಆಗುವುದಿಲ್ಲ. ಕಳಿಸಲೇಬೇಕಾದರೆ ಡಾಕ್ಯುಮೆಂಟ್ ಆಗಿ ಕಳಿಸಿ.

ಪೆನ್‌ಡ್ರೈವ್‌ನಿಂದ ಕಾಪಿ ಮಾಡುವ ಮುಂಚೆ ವೈರಸ್ ಸ್ಕ್ಯಾನ್ ಮಾಡಿ. ಜೆರಾಕ್ಸ್ ಅಂಗಡಿ, ಎಂಬ್ರಾಯ್ಡರಿ ಅಂಗಡಿ ಅಂತ ಹತ್ತು ಕಂಪ್ಯೂಟರಿಗೆ ಹಾಕಿ ತೆಗೆದ ಪೆನ್‌ಡ್ರೈವ್‌ನಲ್ಲಿ ಫೋಲ್ಡರ್‌ಗಳೆಲ್ಲ ಶಾರ್ಟ್‌ಕಟ್ ಆಗಿ ಕಾಣಿಸಿದರೆ ಅದು ವೈರಸ್ ಕೆಲಸ. ಕ್ಲಿಕ್ ಮಾಡಬೇಡಿ. ಒಳಗಿನ ಫೈಲ್‌ಗಳು ಸಾಮಾನ್ಯವಾಗಿ ಹಾಗೇ ಇರುತ್ತವೆ, ಅಡಗಿರುತ್ತವೆ ಅಷ್ಟೇ. ಗೊತ್ತಿದ್ದವರ ಹತ್ತಿರ ಕ್ಲೀನ್ ಮಾಡಿಸಿ. ಪೆನ್‌ಡ್ರೈವ್ ಇರುವುದು ಅಲ್ಲಿಂದಿಲ್ಲಿಗೆ ಸಾಗಿಸಲು, ಅದು ಕೈಚೀಲ ಇದ್ದ ಹಾಗೆ. ವರ್ಷಗಟ್ಟಲೆ ಇಡುವ ಜಾಗ ಅಂತ ಅದನ್ನು ನಂಬಬೇಡಿ.

ಹಂತ 2: ಒಂದು ಡಿಸೈನಿಗೆ ಒಂದು ಫೋಲ್ಡರ್

ಇಡೀ ಕೆಲಸದಲ್ಲಿ ಹೆಚ್ಚು ತಾಳ್ಮೆ ಬೇಡುವುದು ಈ ಹಂತ. ಹೆಚ್ಚಿನವರು ಬಿಟ್ಟುಬಿಡುವುದೂ ಇದನ್ನೇ. ಫೈಲ್ ಉಳಿದರೂ ಡಿಸೈನ್ ಕೈತಪ್ಪಿ ಹೋಗಬಹುದು, ಹೇಗೆ ಅಂತ ಹೇಳುತ್ತೇನೆ.

ಡಿಎಸ್‌ಟಿ ಅನ್ನುವುದು ತಜಿಮಾ ಮೆಷಿನ್‌ಗಳಿಂದ ಬಂದ ಫೈಲ್ ಮಾದರಿ. ಈಗ ಹೆಚ್ಚುಕಡಿಮೆ ಎಲ್ಲಾ ಮೆಷಿನ್‌ಗಳೂ ಅದನ್ನು ಓದುತ್ತವೆ. ಆದರೆ ಅದರೊಳಗೆ ಇರುವುದು ಸೂಜಿ ಎಲ್ಲಿಗೆ ಹೋಗಬೇಕು, ಎಲ್ಲಿ ಬಣ್ಣ ಬದಲಿಸಲು ನಿಲ್ಲಬೇಕು ಅನ್ನುವ ಸೂಚನೆ ಮಾತ್ರ. ಯಾವ ಬಣ್ಣ ಅನ್ನುವುದು ಅದರಲ್ಲಿ ಇರುವುದಿಲ್ಲ. ಬೇರೆ ಕಂಪ್ಯೂಟರಿನಲ್ಲಿ ತೆರೆದರೆ ನಿಮ್ಮ ಹಸಿರು ನವಿಲು ಕೆಂಪಾಗಿಯೋ ನೇರಳೆಯಾಗಿಯೋ ಕಾಣಿಸುತ್ತದೆ. ಬ್ರದರ್ ಮೆಷಿನ್‌ನ ಪಿಇಎಸ್ ಫೈಲ್‌ನಲ್ಲಿ ಬಣ್ಣದ ಮಾಹಿತಿ ಇರುತ್ತದೆ. ಡಿಎಸ್‌ಟಿ ಬಳಸುವವರು ಬಣ್ಣದ ಪಟ್ಟಿಯನ್ನು ಬೇರೆಯಾಗಿ ಬರೆದಿಡಲೇಬೇಕು.

ಇನ್ನೂ ಒಂದು ವಿಷಯ ಇದೆ. ಡಿಎಸ್‌ಟಿಯನ್ನು ದೊಡ್ಡದು ಚಿಕ್ಕದು ಮಾಡುವುದು ಕಷ್ಟ. ಎಳೆದು ದೊಡ್ಡದು ಮಾಡಿದರೆ ಸ್ಟಿಚ್ ವಿರಳವಾಗಿ ಬಟ್ಟೆ ಕಾಣಿಸುತ್ತದೆ. ಕುಗ್ಗಿಸಿದರೆ ಒತ್ತೊತ್ತಾಗಿ ದಾರ ತುಂಡಾಗುತ್ತದೆ. ತಿದ್ದಲು ಬರುವುದು ಮೂಲ ಫೈಲ್, ಅಂದರೆ ಡಿಸೈನ್ ಮಾಡಿದ ಸಾಫ್ಟ್‌ವೇರ್‌ನದೇ ಫೈಲ್. ವಿಲ್ಕಾಮ್‌ನಲ್ಲಿ ಮಾಡಿದ್ದರೆ ಅದು ಇಎಂಬಿ. ಇಂಕ್‌ಸ್ಕೇಪ್ ಅನ್ನುವ ಉಚಿತ ಸಾಫ್ಟ್‌ವೇರ್‌ಗೆ ಇಂಕ್/ಸ್ಟಿಚ್ ಸೇರಿಸಿಕೊಂಡು ಮಾಡಿದ್ದರೆ ಎಸ್‌ವಿಜಿ. ಬ್ಯಾಕಪ್‌ನಲ್ಲಿ ಮೂಲ ಫೈಲ್ ಇಲ್ಲದಿದ್ದರೆ ಮುಂದೆ ಗಿರಾಕಿ ‘ಇದನ್ನೇ ಸ್ವಲ್ಪ ಸಣ್ಣದಾಗಿ ಮಗಳ ಬ್ಲೌಸಿಗೆ ಹಾಕಿ’ ಅಂದಾಗ ಮೊದಲಿಂದ ಡಿಸೈನ್ ಮಾಡಬೇಕಾಗುತ್ತದೆ. ಡಿಜಿಟೈಸಿಂಗ್, ಅಂದರೆ ಚಿತ್ರವನ್ನು ಸ್ಟಿಚ್ ಫೈಲ್ ಮಾಡುವ ಕೆಲಸವನ್ನು ಹಣ ಕೊಟ್ಟು ಬೇರೆಯವರ ಹತ್ತಿರ ಮಾಡಿಸಿದ್ದರೆ, ಮೂಲ ಫೈಲನ್ನೂ ಆಗಲೇ ಕೇಳಿ ಪಡೆಯಿರಿ. ಆರು ತಿಂಗಳು ಬಿಟ್ಟು ಕೇಳಿದರೆ ಅವರ ಹತ್ತಿರವೂ ಇಲ್ಲದಿರಬಹುದು.

ಹಾಗಾಗಿ ಒಂದೊಂದು ಡಿಸೈನಿಗೂ ಒಂದು ಫೋಲ್ಡರ್ ಮಾಡಿ, ಅದರಲ್ಲಿ ಇಷ್ಟು ಇಡಿ: ತಿದ್ದಬಹುದಾದ ಮೂಲ ಫೈಲ್, ಮೆಷಿನ್‌ಗೆ ಹಾಕುವ ಫೈಲ್, ಹೊಲಿದು ಮುಗಿದ ಬಟ್ಟೆಯ ಒಂದು ಸ್ಪಷ್ಟ ಫೋಟೋ, ಮತ್ತೆ ಒಂದು ಚಿಕ್ಕ ಟಿಪ್ಪಣಿ.

ಟಿಪ್ಪಣಿ ಹೇಗಿರಬೇಕು ಅಂದರೆ, ಒಂದು ಉದಾಹರಣೆ: ‘ನವಿಲು, ಬ್ಲೌಸ್ ಹಿಂಭಾಗ. ಅಗಲ 180 ಮಿ.ಮೀ., ಎತ್ತರ 240 ಮಿ.ಮೀ. ಮೊದಲು ಗಾಢ ಹಸಿರು, ಆಮೇಲೆ ನೀಲಿ, ಕೊನೆಗೆ ಜರಿ. ಬಟ್ಟೆ ರಾ ಸಿಲ್ಕ್, ಅಡಿಗೆ ಎರಡು ಪದರ ಬ್ಯಾಕಿಂಗ್ ಪೇಪರ್. ಕತ್ತಿನ ಹತ್ತಿರ ಜರಿ ತುಂಡಾಗುತ್ತದೆ, ಅಲ್ಲಿ ಸ್ಪೀಡ್ ಇಳಿಸಬೇಕು.’ ಬಣ್ಣದ ಪಕ್ಕದಲ್ಲಿ ದಾರದ ಕಂಪನಿ ಹೆಸರು ಮತ್ತು ಶೇಡ್ ಕಾರ್ಡ್ ನಂಬರ್ ಹಾಕಿ. ‘ಗಾಢ ಹಸಿರು’ ಅಂದರೆ ಎರಡು ವರ್ಷ ಬಿಟ್ಟು ಯಾವ ಹಸಿರು ಅಂತ ಯಾರಿಗೆ ನೆನಪಿರುತ್ತದೆ? ಕ್ರೋಶಾದವರು ನೂಲಿನ ದಪ್ಪ, ಕಡ್ಡಿಯ ಸೈಜ್ ಬರೆಯಿರಿ. ಕುಚ್ಚಿನವರು ಎಷ್ಟು ಎಳೆ, ಯಾವ ಮಣಿ, ಎಷ್ಟು ಅಂತರ ಅನ್ನುವುದನ್ನು ಬರೆಯಿರಿ.

ಟಿಪ್ಪಣಿಯನ್ನು ಕನ್ನಡದಲ್ಲೇ ಬರೆಯಬಹುದು. ಆದರೆ ಯೂನಿಕೋಡ್‌ನಲ್ಲಿ, ಅಂದರೆ ಯಾವ ಫೋನ್, ಕಂಪ್ಯೂಟರಿನಲ್ಲಾದರೂ ಕನ್ನಡವಾಗಿಯೇ ಕಾಣಿಸುವ ಅಕ್ಷರಗಳಲ್ಲಿ ಬರೆಯಿರಿ. ಫೋನಿನ ಕನ್ನಡ ಕೀಬೋರ್ಡ್ ಬಳಸಿದರೆ ಅದು ಯೂನಿಕೋಡೇ. ನುಡಿ, ಬರಹ ಅನ್ನುವ ಕನ್ನಡ ಟೈಪಿಂಗ್ ಸಾಫ್ಟ್‌ವೇರ್‌ಗಳ ಹಳೆಯ ಫಾಂಟ್‌ಗಳಲ್ಲಿ ಟೈಪ್ ಮಾಡಿದ್ದು ಆ ಫಾಂಟ್ ಇಲ್ಲದ ಕಡೆ ಅರ್ಥವಾಗದ ಇಂಗ್ಲಿಷ್ ಅಕ್ಷರಗಳಾಗಿ ಕಾಣಿಸುತ್ತದೆ. ಅಂಥ ಹಳೆಯ ಕಡತಗಳಿದ್ದರೆ ಫಾಂಟ್ ಇರುವ ಕಂಪ್ಯೂಟರಿನಲ್ಲೇ ಪಿಡಿಎಫ್ ಮಾಡಿ ಇಡಿ.

ಫೋಲ್ಡರಿನ ಹೆಸರು ಕನ್ನಡದಲ್ಲಿದ್ದರೆ ಡ್ರೈವ್‌ನಲ್ಲಿ ಏನೂ ತೊಂದರೆ ಇಲ್ಲ, ಹುಡುಕಿದರೆ ಸಿಗುತ್ತದೆ. ಮೆಷಿನ್‌ಗೆ ಹಾಕುವ ಫೈಲಿನ ಹೆಸರು ಮಾತ್ರ ಇಂಗ್ಲಿಷ್ ಅಕ್ಷರ ಮತ್ತು ಅಂಕಿಗಳಲ್ಲಿ, ಚಿಕ್ಕದಾಗಿ ಇರಲಿ. ಸುಮಾರು ಮೆಷಿನ್‌ಗಳಿಗೆ ಕನ್ನಡ ಹೆಸರು ಓದಲು ಬರುವುದಿಲ್ಲ. ಹೆಸರಿನ ಮೊದಲಿಗೆ ವರ್ಷ, ತಿಂಗಳು ಹಾಕಿದರೆ (2025-03 ಹೀಗೆ) ಫೋಲ್ಡರ್‌ಗಳು ತಾವಾಗಿಯೇ ಸಾಲಾಗಿ ನಿಲ್ಲುತ್ತವೆ. ‘ಹೊಸದು’, ‘ಹೊಸದು 2’, ‘ಫೈನಲ್’, ‘ಫೈನಲ್ ಫೈನಲ್’ ಅಂತ ಇಡಬೇಡಿ, ದಯವಿಟ್ಟು.

ಹಳೆಯ ನೂರಾರು ಡಿಸೈನಿಗೆ ಒಂದೇ ಸಲ ಟಿಪ್ಪಣಿ ಬರೆಯಲು ಕೂತರೆ ಕೆಲಸ ಅರ್ಧಕ್ಕೇ ನಿಲ್ಲುತ್ತದೆ. ಮೊದಲು ಎಲ್ಲವನ್ನೂ ಇದ್ದ ಹಾಗೇ ಅಪ್‌ಲೋಡ್ ಮಾಡಿ ಉಳಿಸಿಕೊಳ್ಳಿ. ಟಿಪ್ಪಣಿಯನ್ನು ಈಗ ಓಡುತ್ತಿರುವ ಡಿಸೈನ್‌ಗಳಿಂದ ಶುರು ಮಾಡಿ.

ಹಂತ 3: ಕಾಗದದ ಕಟಿಂಗ್‌ಗಳನ್ನೂ ಸೇರಿಸಿ

ಖಾಕಿ ಪೇಪರಿನ ಬ್ಲೌಸ್ ಕಟಿಂಗ್, ಟ್ರೇಸಿಂಗ್ ಪೇಪರಿನ ಆರಿ ಡಿಸೈನ್, ಅಮ್ಮ ನೋಟ್‌ಬುಕ್ಕಿನಲ್ಲಿ ಬರೆದಿಟ್ಟ ಕ್ರೋಶಾ ಲೆಕ್ಕ, ಇವಕ್ಕೆ ಬೂಸು ಹಿಡಿಯುವುದು, ಗೆದ್ದಲು ಹತ್ತುವುದು ನಮ್ಮಲ್ಲಿ ಮಾಮೂಲಿ. ಬರೀ ಕ್ರೋಶಾ ಲೆಕ್ಕ ಆದರೆ ಗೂಗಲ್ ಡ್ರೈವ್ ಆ್ಯಪ್‌ನಲ್ಲಿರುವ ಸ್ಕ್ಯಾನ್ ಸಾಕು. ಅಳತೆ ಮುಖ್ಯವಾದ ಕಟಿಂಗ್‌ಗೆ ಅದು ಸಾಲದು, ಫೋನ್ ಸ್ವಲ್ಪ ವಾಲಿದರೂ ಆಕಾರ ಬದಲಾಗುತ್ತದೆ. ಚಪ್ಪಟೆ ಸ್ಕ್ಯಾನರ್‌ನಲ್ಲಿ 300 ಡಿಪಿಐ ಇಟ್ಟು ಸ್ಕ್ಯಾನ್ ಮಾಡಿಸಿ. ಡಿಪಿಐ ಅಂದರೆ ಒಂದು ಇಂಚಿನಲ್ಲಿ ಎಷ್ಟು ಚುಕ್ಕೆ ಅನ್ನುವ ಲೆಕ್ಕ. ಕಟಿಂಗ್ ದೊಡ್ಡದಿದ್ದರೆ ಎ3 ಸ್ಕ್ಯಾನರ್ ಇರುವ ಜೆರಾಕ್ಸ್ ಅಂಗಡಿಗೆ ಹೋಗಿ.

ಸ್ಕ್ಯಾನ್ ಮಾಡುವಾಗ ಕಟಿಂಗ್ ಪಕ್ಕದಲ್ಲಿ ಒಂದು ಸ್ಟೀಲ್ ಸ್ಕೇಲ್ ಇಡುವುದನ್ನು ಮರೆಯಬೇಡಿ. ಮುಂದೆ ಪ್ರಿಂಟ್ ತೆಗೆದಾಗ ಆ ಸ್ಕೇಲಿನ ಒಂದು ಇಂಚು ನಿಜವಾಗಿ ಒಂದು ಇಂಚು ಇದೆಯಾ ನೋಡಿದರೆ ಅಳತೆ ಸರಿ ಇದೆಯೋ ಇಲ್ಲವೋ ತಿಳಿಯುತ್ತದೆ.

ಹಂತ 4: ಅಕೌಂಟ್ ನಿಮ್ಮದೇ ಕೈಯಲ್ಲಿರಲಿ

ಮೊಬೈಲ್ ಅಂಗಡಿಯ ಹುಡುಗ ಮಾಡಿಕೊಟ್ಟ ಅಕೌಂಟ್, ದುಬೈಯಲ್ಲಿರುವ ಮಗನ ನಂಬರ್‌ಗೆ ಒಟಿಪಿ ಹೋಗುವ ಅಕೌಂಟ್, ಪಾಸ್‌ವರ್ಡ್ ಯಾರಿಗೂ ನೆನಪಿಲ್ಲದ ಅಕೌಂಟ್. ಇಂಥವುಗಳ ಮೇಲೆ ವರ್ಷಗಳ ಕೆಲಸವನ್ನು ಇಡಬೇಡಿ. ಫೋನ್ ಕಳೆದುಹೋದ ದಿನ ಬಾಗಿಲು ಮುಚ್ಚಿದ ಹಾಗೆಯೇ. ನಿಮ್ಮ ಹೆಸರಿನಲ್ಲಿ, ನಿಮ್ಮ ಕೈಯಲ್ಲಿರುವ ನಂಬರಿನಲ್ಲಿ ಒಂದು ಅಕೌಂಟ್ ಮಾಡಿ. ಎರಡು ಹಂತದ ಪರಿಶೀಲನೆ ಆನ್ ಮಾಡಿ. ಪಾಸ್‌ವರ್ಡ್ ಜೊತೆಗೆ ಫೋನಿಗೆ ಬರುವ ಇನ್ನೊಂದು ಒಪ್ಪಿಗೆಯೂ ಬೇಕಾಗುವ ವ್ಯವಸ್ಥೆ ಅದು. ಅಲ್ಲೇ ಬ್ಯಾಕಪ್ ಕೋಡ್‌ಗಳು ಸಿಗುತ್ತವೆ, ಒಟ್ಟು 10. ಒಂದು ಕೋಡ್ ಒಂದೇ ಸಲ ನಡೆಯುತ್ತದೆ. ಪ್ರಿಂಟ್ ತೆಗೆದು ರೇಷನ್ ಕಾರ್ಡ್, ಬ್ಯಾಂಕ್ ಪಾಸ್‌ಬುಕ್ ಇಡುವ ಜಾಗದಲ್ಲೇ ಇಡಿ. ಆ ಕೋಡನ್ನು ಫೋನಿನಲ್ಲೇ ಫೋಟೋ ತೆಗೆದಿಟ್ಟರೆ ಫೋನ್ ಕಳೆದಾಗ ಅದೂ ಹೋಯಿತು ಅಲ್ವಾ?

ಎರಡು ವರ್ಷ ಮುಟ್ಟದೇ ಬಿಟ್ಟ ಅಕೌಂಟನ್ನು ಗೂಗಲ್ ಒಳಗಿನ ಫೈಲ್ ಸಮೇತ ಅಳಿಸಬಹುದು. ಬ್ಯಾಕಪ್‌ಗೆ ಅಂತಲೇ ಬೇರೆ ಅಕೌಂಟ್ ಮಾಡಿದವರು ಆಗಾಗ ಅದಕ್ಕೆ ಲಾಗಿನ್ ಆಗುತ್ತಿರಿ.

ಹಂತ 5: ಅಪ್‌ಲೋಡ್

ಫೋನಿನಿಂದ ಆದರೆ ಡ್ರೈವ್ ಆ್ಯಪ್ ತೆರೆದು ಕೂಡಿಸುವ ಚಿಹ್ನೆ ಒತ್ತಿ, ಅಪ್‌ಲೋಡ್ ಆರಿಸಿ. ಕಂಪ್ಯೂಟರಿನಲ್ಲಿ ಬ್ರೌಸರ್‌ನಿಂದ ಇಡೀ ಫೋಲ್ಡರನ್ನೇ ಎಳೆದು ಹಾಕಬಹುದು. ದಿನಾ ಹೊಸ ಡಿಸೈನ್ ಮಾಡುವವರಿಗೆ ‘ಡ್ರೈವ್ ಫಾರ್ ಡೆಸ್ಕ್‌ಟಾಪ್’ ಅನ್ನುವ ಪ್ರೋಗ್ರಾಮ್ ಹಾಕಿಕೊಳ್ಳುವುದು ಒಳ್ಳೆಯದು. ಅದರ ಸೆಟ್ಟಿಂಗ್‌ನಲ್ಲಿ ನಿಮ್ಮ ‘ಡಿಸೈನ್’ ಫೋಲ್ಡರನ್ನು ಸೇರಿಸಿದರೆ ಅದರಲ್ಲಿ ಏನೇ ಬದಲಾದರೂ ಇಂಟರ್ನೆಟ್ ಇದ್ದಾಗ ತಾನಾಗಿಯೇ ಮೇಲೆ ಹೋಗುತ್ತದೆ.

ಇಲ್ಲಿ ಮೂರು ಕಡೆ ಜನ ಎಡವುತ್ತಾರೆ. ಫೋಲ್ಡರ್ ಸೇರಿಸುವಾಗ ಗೂಗಲ್ ಡ್ರೈವ್‌ಗೋ ಗೂಗಲ್ ಫೋಟೋಸ್‌ಗೋ ಅಂತ ಕೇಳುತ್ತದೆ. ಡ್ರೈವ್ ಆರಿಸಿ. ಫೋಟೋಸ್ ಆರಿಸಿದರೆ ಫೋಟೋ, ವಿಡಿಯೋ ಮಾತ್ರ ಹೋಗುತ್ತವೆ, ಡಿಎಸ್‌ಟಿ ಒಂದೂ ಹೋಗುವುದಿಲ್ಲ. ಎರಡನೆಯದು, ಹೀಗೆ ಹೋದ ಫೋಲ್ಡರ್ ಡ್ರೈವ್‌ನಲ್ಲಿ ‘ಕಂಪ್ಯೂಟರ್ಸ್’ ಅನ್ನುವ ಭಾಗದ ಒಳಗೆ ಕಾಣಿಸುತ್ತದೆ. ‘ಮೈ ಡ್ರೈವ್’ನಲ್ಲಿ ಹುಡುಕಿ, ಇಲ್ಲವೇ ಇಲ್ಲ ಅಂತ ಗಾಬರಿಯಾಗಬೇಡಿ. ಮೂರನೆಯದು ‘ಸ್ಟ್ರೀಮ್’ ಮತ್ತು ‘ಮಿರರ್’ ಅನ್ನುವ ಆಯ್ಕೆ. ಸ್ಟ್ರೀಮ್ ಆದರೆ ಮೈ ಡ್ರೈವ್‌ನ ಫೈಲ್ ಕ್ಲೌಡ್‌ನಲ್ಲೇ ಇದ್ದು ಕಂಪ್ಯೂಟರಿನಲ್ಲಿ ಹೆಸರು ಮಾತ್ರ ಕಾಣಿಸಬಹುದು. ಮಳೆಗೆ ನೆಟ್ ಹೋದ ದಿನ ಅದು ತೆರೆಯುವುದಿಲ್ಲ. ಮಿರರ್ ಆದರೆ ಎರಡೂ ಕಡೆ ಪೂರ್ತಿ ಪ್ರತಿ ಇರುತ್ತದೆ. ಡಿಸೈನ್ ಫೈಲ್ ಚಿಕ್ಕದಿರುವುದರಿಂದ ಮಿರರ್ ಇಟ್ಟುಕೊಳ್ಳುವುದೇ ಸರಿ.

ಹಂತ 6: ಸಿಂಕ್ ನಂಬಿ ಹಾರ್ಡ್ ಡಿಸ್ಕ್ ಬಿಡಬೇಡಿ

ಮೇಲೆ ಹೇಳಿದ ತಾನಾಗಿ ನಡೆಯುವ ವ್ಯವಸ್ಥೆಗೆ ಸಿಂಕ್ ಅನ್ನುತ್ತಾರೆ, ಎರಡೂ ಕಡೆ ಒಂದೇ ಥರ ಇರುವಂತೆ ನೋಡಿಕೊಳ್ಳುವುದು. ಅಪಾಯ ಇರುವುದೂ ಅಲ್ಲೇ. ಕಂಪ್ಯೂಟರಿನಲ್ಲಿ ಮಗು ಫೋಲ್ಡರ್ ಅಳಿಸಿದರೆ ಕ್ಲೌಡ್‌ನಲ್ಲೂ ಅಳಿಯುತ್ತದೆ. ಅಳಿಸಿದ್ದು ಡ್ರೈವ್‌ನ ಕಸದ ಬುಟ್ಟಿಯಲ್ಲಿ 30 ದಿನ ಇರುತ್ತದೆ, ಆಮೇಲೆ ಇಲ್ಲ. ಫೈಲ್‌ಗಳಿಗೆ ಬೀಗ ಹಾಕಿ ದುಡ್ಡು ಕೇಳುವ ರಾನ್ಸಮ್‌ವೇರ್ ವೈರಸ್ ಬಂದರೆ ಬೀಗ ಬಿದ್ದ ಫೈಲ್‌ಗಳೇ ಮೇಲಕ್ಕೂ ಹೋಗುತ್ತವೆ. ಡ್ರೈವ್ ಹಳೆಯ ಆವೃತ್ತಿಗಳನ್ನು 30 ದಿನ ಅಥವಾ 100 ಆವೃತ್ತಿಯವರೆಗೆ ಇಟ್ಟುಕೊಂಡಿರುತ್ತದೆ ನಿಜ. ಒಂದೊಂದೇ ಫೈಲ್ ಹುಡುಕಿ ಹಿಂದಕ್ಕೆ ತರುವುದು ಮಾತ್ರ ಹಿಂಸೆ.

ಇದಕ್ಕೆ ಬಹಳ ಕಾಲದಿಂದ ಬಳಕೆಯಲ್ಲಿರುವ ಒಂದು ನಿಯಮ 3-2-1. ಒಟ್ಟು ಮೂರು ಪ್ರತಿ, ಎರಡು ಬೇರೆ ಬೇರೆ ಥರದ ಜಾಗದಲ್ಲಿ, ಒಂದು ಮನೆಯಿಂದ ಹೊರಗೆ. ಕಂಪ್ಯೂಟರಿನಲ್ಲಿ ಒಂದು, ಹಾರ್ಡ್ ಡಿಸ್ಕಿನಲ್ಲಿ ಒಂದು, ಕ್ಲೌಡ್‌ನಲ್ಲಿ ಒಂದು ಇದ್ದರೆ ಲೆಕ್ಕ ಸರಿಹೋಗುತ್ತದೆ.

ಹಾರ್ಡ್ ಡಿಸ್ಕಿಗೆ ಕಾಪಿ ಮಾಡಿದ ತಕ್ಷಣ ಅದನ್ನು ಕಂಪ್ಯೂಟರಿನಿಂದ ತೆಗೆಯಿರಿ. ಸುಮ್ನೆ ಎಳೆಯಬೇಡಿ, ಇಜೆಕ್ಟ್ ಕೊಟ್ಟು ತೆಗೆಯಿರಿ. ಯಾವಾಗಲೂ ಚುಚ್ಚಿಯೇ ಇಟ್ಟರೆ ಸಿಡಿಲು, ವೈರಸ್ ಎರಡಕ್ಕೂ ಅದು ಕಂಪ್ಯೂಟರ್ ಜೊತೆಗೇ ಬಲಿ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ, ಎತ್ತರದ ಕಪಾಟಿನಲ್ಲಿಡಿ. 2020ರ ಸೆಪ್ಟೆಂಬರ್ 20ರಂದು ಉಡುಪಿ ಪೇಟೆಗೆ ನೆರೆ ನುಗ್ಗಿದಾಗ ಕಲ್ಸಂಕ, ಬನ್ನಂಜೆ ಕಡೆ ನೀರು ಒಳಗೇ ಬಂದಿತ್ತು. ಅಂಥ ದಿನ ಮೇಜಿನ ಕೆಳಗಿನ ಕಂಪ್ಯೂಟರೂ ಕೆಳಗಿನ ಡ್ರಾಯರಿನ ಹಾರ್ಡ್ ಡಿಸ್ಕೂ ಒಟ್ಟಿಗೇ ಹೋಗುತ್ತವೆ. ಎರಡು ಹಾರ್ಡ್ ಡಿಸ್ಕ್ ಕೊಳ್ಳಲು ಆಗುವವರು ಒಂದನ್ನು ತವರು ಮನೆಯಲ್ಲಿಡಿ. ಹಬ್ಬಕ್ಕೆ ಹೋದಾಗ ಅದಲುಬದಲು ಮಾಡಿಕೊಂಡು ಬಂದರಾಯಿತು.

ಹಂತ 7: ವಾಪಸ್ ತೆಗೆದು ನೋಡಿ

ಅಪ್‌ಲೋಡ್ ಆಗಿದೆ ಅಂತ ಹಸಿರು ಗುರುತು ನೋಡಿ ಬಿಡಬೇಡಿ. ಬೇರೆ ಕಂಪ್ಯೂಟರಿನಲ್ಲೋ ಫೋನಿನಲ್ಲೋ ನಿಮ್ಮ ಅಕೌಂಟ್‌ಗೆ ಲಾಗಿನ್ ಆಗಿ, ಒಂದು ಡಿಸೈನ್ ಫೋಲ್ಡರ್ ಡೌನ್‌ಲೋಡ್ ಮಾಡಿ. ಮೆಷಿನ್ ಫೈಲನ್ನು ಪೆನ್‌ಡ್ರೈವ್‌ಗೆ ಹಾಕಿ ಮೆಷಿನ್ ಓದುತ್ತದಾ ನೋಡಿ, ಆಗುವುದಾದರೆ ಹಳೆಯ ಬಟ್ಟೆಯ ತುಂಡಿನ ಮೇಲೆ ಸ್ವಲ್ಪ ಹೊಲಿಸಿ. ಮೂಲ ಫೈಲ್ ತೆರೆಯುತ್ತದಾ ನೋಡಿ. ಹೊಸ ವಿಲ್ಕಾಮ್‌ನಲ್ಲಿ ಸೇವ್ ಮಾಡಿದ ಇಎಂಬಿ ಹಳೆಯ ವಿಲ್ಕಾಮ್‌ನಲ್ಲಿ ತೆರೆಯುವುದಿಲ್ಲ, ಹಾಗಾಗಿ ಯಾವ ಆವೃತ್ತಿ ಅಂತ ಟಿಪ್ಪಣಿಯಲ್ಲಿ ಬರೆದಿಡಿ. ಕಟಿಂಗ್ ಪಿಡಿಎಫ್ ಆದರೆ ಪ್ರಿಂಟ್ ಕೊಡುವಾಗ ‘ಫಿಟ್ ಟು ಪೇಜ್’ ತೆಗೆದು 100% ಇಡಿ, ಆಮೇಲೆ ಸ್ಕೇಲ್ ಹಿಡಿದು ಅಳೆಯಿರಿ. ಕೊನೆಗೆ ಲಾಗ್‌ಔಟ್ ಆಗಿ, ಬೇರೆಯವರ ಕಂಪ್ಯೂಟರ್ ಆದರಂತೂ ಖಂಡಿತ.

ಹಂಚುವ ಮುಂಚೆ

ದುಡ್ಡು ಕೊಟ್ಟು ಕೊಂಡ ಪ್ಯಾಟರ್ನ್‌ಗಳನ್ನು ‘ಕೊಂಡದ್ದು’ ಅಂತ ಬೇರೆ ಫೋಲ್ಡರಿನಲ್ಲಿ ಬಿಲ್ ಮತ್ತು ಲೈಸೆನ್ಸ್ ಪುಟದ ಜೊತೆ ಇಡಿ. ನಿಮ್ಮ ಬಳಕೆಗೆ ಪ್ರತಿ ಇಟ್ಟುಕೊಳ್ಳುವುದು ಬೇರೆ, ಗೆಳತಿಯರಿಗೆಲ್ಲ ಲಿಂಕ್ ಕೊಡುವುದು ಬೇರೆ. ಅದನ್ನು ಬಿಡಿಸಿದವರ ಹೊಟ್ಟೆಪಾಡೂ ನಮ್ಮ ಥರವೇ ಡಿಸೈನ್ ಮೇಲೇ ನಿಂತಿದೆ. ಡ್ರೈವ್‌ನಲ್ಲಿ ‘ಲಿಂಕ್ ಇರುವ ಯಾರಾದರೂ’ ಅನ್ನುವ ಆಯ್ಕೆ ಕೊಟ್ಟರೆ ಆ ಲಿಂಕ್ ಎಲ್ಲಿಗೆ ಬೇಕಾದರೂ ಹೋಗಬಹುದು. ಯಾರಿಗಾದರೂ ಒಂದು ಫೈಲ್ ಕೊಡಬೇಕಾದರೆ ಅವರ ಇಮೇಲ್ ಹಾಕಿ, ಆ ಒಂದು ಫೈಲನ್ನು ಮಾತ್ರ, ‘ನೋಡಲು ಮಾತ್ರ’ ಅಂತ ಕೊಡಿ. ಗಿರಾಕಿಗಳ ಹೆಸರು, ಫೋನ್ ನಂಬರ್, ಮೈ ಅಳತೆ ಇರುವ ಪಟ್ಟಿಯನ್ನು ಡಿಸೈನ್ ಫೋಲ್ಡರಿನಲ್ಲಿ ಇಡಲೇಬೇಡಿ. ಡಿಸೈನ್ ಹಂಚುವಾಗ ಅದೂ ಹೊರಗೆ ಹೋಗುತ್ತದೆ.

ಯಾವಾಗ ಮಾಡುವುದು?

ಹೊಸ ಡಿಸೈನ್ ಹೊಲಿದು ಮುಗಿದ ದಿನವೇ ಫೋಟೋ, ಟಿಪ್ಪಣಿ ಹಾಕಿ ಫೋಲ್ಡರ್ ಮುಗಿಸಿ. ಹಾರ್ಡ್ ಡಿಸ್ಕ್ ಕಾಪಿ ತಿಂಗಳಿಗೊಮ್ಮೆ. ಮದುವೆ ಸೀಸನ್‌ನಲ್ಲಿ ವಾರಕ್ಕೊಮ್ಮೆ, ಆಗ ಒಂದು ವಾರದ ಕೆಲಸ ಹೋದರೂ ಗಿರಾಕಿಗೆ ಉತ್ತರ ಕೊಡುವುದು ಕಷ್ಟ. ಹಳೆಯ ಡಿಸೈನ್‌ಗಳಿಗೆ ಟಿಪ್ಪಣಿ ಬರೆಯುವುದು, ಕಾಗದದ ಕಟಿಂಗ್ ಸ್ಕ್ಯಾನ್ ಮಾಡುವುದು, ಹೀಗೆ ಸಮಯ ಹಿಡಿಯುವ ಕೆಲಸಗಳಿಗೆ ಆಟಿ ತಿಂಗಳು ಹೇಳಿ ಮಾಡಿಸಿದ್ದು. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ ಮದುವೆ ಇಲ್ಲ, ಆರ್ಡರ್ ಕಡಿಮೆ, ಹೊರಗೆ ಹೋಗಲು ಮಳೆಯೂ ಬಿಡುವುದಿಲ್ಲ. ಹಂತ 5 ಮತ್ತು 6 ಮಾತ್ರ ಆಟಿಗೆ ಕಾಯಬಾರದು. ಫೈಲ್‌ಗಳು ಇದ್ದ ಹಾಗೇ ಆದರೂ ಪರವಾಗಿಲ್ಲ, ಇವತ್ತು ರಾತ್ರಿ ಊಟ ಆದ ಮೇಲೆ ಅಪ್‌ಲೋಡ್ ಹಾಕಿ ಮಲಗಿ. ಗುಡುಗು ಕೇಳಿಸುತ್ತಿದ್ದರೆ ಮಾತ್ರ ಪ್ಲಗ್ ತೆಗೆದಿಟ್ಟು ಬೆಳಿಗ್ಗೆ ಮಾಡಿ.